ವಾಶೋ ಭಾಷೆ: ಕ್ರಿಯಾಪದದ ಕೊನೆಯಲ್ಲಿ ಕಾಲದ ಲೆಕ್ಕ

[ನಕ್ಷೆ: ಕ್ಯಾಲಿಫೋರ್ನಿಯಾ–ನೆವಾಡಾ ಗಡಿ, ಟಾಹೋ ಸರೋವರ]

ನಿರೂಪಣೆ: ನಮಸ್ಕಾರ. ಈ ಸರೋವರದ ಸುತ್ತಲಿನ ನೆಲ ವಾಶೋ ಜನರದ್ದು. ಬೇಸಿಗೆಗೆ ದಡದಲ್ಲಿ ಮೀನು ಹಿಡಿದು, ಚಳಿ ಶುರುವಾಗೋ ಮುಂಚೆ ಪೂರ್ವದ ಬೆಟ್ಟಗಳಿಗೆ ಪಿನ್ಯನ್ ಪೈನ್ ಬೀಜ ಕೂಡಿಹಾಕೋಕೆ ಹೋಗ್ತಿದ್ದವರು. ನೆರೆಯ ಪಾಯೂಟ್ ಜನರ ಭಾಷೆಗೂ ಇವರ ಭಾಷೆಗೂ ನೆಂಟಸ್ತಿಕೆ ಇಲ್ಲ. ಇದನ್ನ ಹೋಕನ್ ಅನ್ನೋ ಭಾಷಾಗುಂಪಿಗೆ ಸೇರಿಸಿದವರಿದ್ದಾರೆ, ಆದರೆ ಅದು ಸಾಬೀತಾಗಿಲ್ಲ. ಒಂಟಿ ಭಾಷೆ ಅನ್ನೋದೇ ಸರಿ.

[ಪರದೆ: ಲೆಗ್ – ಆಯ್ – ಗುಲ್ – ಲುಲ್]

ನಾವು 'ಬಂದ' ಅಂದ್ರೆ ಇವತ್ತು ಬೆಳಿಗ್ಗೆಯೂ ಆಗಬಹುದು, ಮುತ್ತಜ್ಜನ ಕಾಲವೂ ಆಗಬಹುದು. ವಾಶೋದಲ್ಲಿ ಇದಕ್ಕೆ ಬೇರೆಬೇರೆ ಪ್ರತ್ಯಯಗಳಿವೆ. ನಿನ್ನೆ ರಾತ್ರಿಯಿಂದ ಈಚೆಗೆ ನಡೆದದ್ದಕ್ಕೆ 'ಲೆಗ್'. ಅದಕ್ಕೂ ಹಿಂದೆ, ಆದರೆ ತೀರಾ ಹಳೆಯದಲ್ಲ ಅಂದ್ರೆ 'ಆಯ್'. ಬಹಳ ಹಿಂದೆ, ಆದರೆ ಮಾತಾಡುವವರ ಜೀವಮಾನದೊಳಗೆ ಅಂದ್ರೆ 'ಗುಲ್'. ಅವರು ಹುಟ್ಟೋಕೂ ಮುಂಚಿನದಾದ್ರೆ 'ಲುಲ್'. ಹಾಗಾಗಿ ನಿಮ್ಮ ಬಾಲ್ಯದ ಮಾತಿಗೆ 'ಲುಲ್' ಹಚ್ಚಿದ್ರೆ ಲೆಕ್ಕವೇ ತಪ್ಪುತ್ತೆ. ಪ್ರತಿ ವಾಕ್ಯಕ್ಕೂ ಇವು ಕಡ್ಡಾಯ ಅಲ್ಲ. ಸಂದರ್ಭದಿಂದ ತಿಳಿಯೋದಾದ್ರೆ ಬಿಟ್ಟೂ ಹೇಳ್ತಾರೆ. ಭವಿಷ್ಯಕ್ಕೂ ಇಂಥದ್ದೇ ಮೆಟ್ಟಿಲುಗಳಿವೆ.

[ಪರದೆ: ದಮಲ್ → ದಮಮಲ್]

ಇನ್ನು ಬಹುತ್ವ, ಅಂದ್ರೆ ಒಂದಕ್ಕಿಂತ ಹೆಚ್ಚು ಅಂತ ಹೇಳೋದು. ನಾವು 'ಮನೆಮನೆ' ಅಂತ ಇಡೀ ಪದವನ್ನೇ ಎರಡು ಸಲ ಹೇಳ್ತೀವಿ. ಅಲ್ಲಿ ಪದದ ಒಳಗಿನ ಒಂದು ತುಂಡು ಮಾತ್ರ ಮರುಕಳಿಸುತ್ತೆ. 'ದಮಲ್' ಅಂದ್ರೆ ಕೇಳಿಸಿಕೊಳ್ಳೋದು. ಅದೇ 'ದಮಮಲ್' ಆಗುತ್ತೆ. ಇಷ್ಟು ಸುಲಭ.

[ಪರದೆ: ಎವ್‌ಶಿ → ಎಶಿವ್‌ಶಿ]

ಎಡವೋದು ಇಲ್ಲಿ. 'ಎವ್‌ಶಿ' ಅಂದ್ರೆ ಅಪ್ಪನ ಅಣ್ಣ ಅಥವಾ ತಮ್ಮ. ಕೊನೇ ತುಂಡನ್ನ ಹಿಂದೆ ಅಂಟಿಸಿ 'ಎವ್‌ಶಿಶಿ' ಅಂದ್ರೆ ತಪ್ಪು. ನಡುವೆ ಎರಡು ವ್ಯಂಜನ ಒಟ್ಟಿಗೆ ಬಂದಾಗ, ಮರುಕಳಿಸೋ 'ಶಿ' ಅವೆರಡಕ್ಕೂ ಮುಂಚೆ ನುಗ್ಗುತ್ತೆ: ಎ-ಶಿ-ವ್‌ಶಿ. ಕೊನೆಯಲ್ಲಿ ಗಂಟಲು ಕ್ಷಣ ಹಿಡಿದು ಬಿಡಬೇಕು. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಹಾಗಾಗಿ ಪರದೆ ನೋಡಿ ಓದಿದ್ರೆ ಸಾಲದು, ಕಿವಿಗೊಟ್ಟು ಕೇಳಲೇಬೇಕು.

[ಚಿತ್ರ: ಸ್ಟೂವರ್ಟ್ ಶಾಲೆಯ ಕಲ್ಲಿನ ಕಟ್ಟಡ]

ಈಗ ಹುಟ್ಟುಭಾಷೆಯಾಗಿ ಆಡುವವರು ಕೆಲವೇ ಹಿರಿಯರು. ಭಾಷೆ ತಾನಾಗಿ ಸೊರಗಲಿಲ್ಲ. ಕಾರ್ಸನ್ ಸಿಟಿ ಹತ್ತಿರ 1890ರಲ್ಲಿ ಶುರುವಾದ ಈ ಸರ್ಕಾರಿ ವಸತಿ ಶಾಲೆಯಲ್ಲಿ ಮನೆಮಾತಾಡಿದ ಮಕ್ಕಳಿಗೆ ಶಿಕ್ಷೆ ಇತ್ತು. ಪೆಟ್ಟು ತಿಂದವರು ತಮ್ಮ ಮಕ್ಕಳಿಗೂ ಅದೇ ಗತಿ ಬರೋದು ಬೇಡ ಅಂತ ಮನೆಯಲ್ಲಿ ಇಂಗ್ಲಿಷನ್ನೇ ಆಡಿದ್ರು. ಶಾಲೆ ಮುಚ್ಚಿದ್ದು 1980ರಲ್ಲಿ. 1990ರ ದಶಕದಲ್ಲಿ ಸಮುದಾಯದವರೇ ವಾಶೋದಲ್ಲೇ ಪಾಠ ಹೇಳೋ ಶಾಲೆ ತೆರೆದ್ರು. ಅಲ್ಲಿ ಮಕ್ಕಳು ಭಾಷೆ ಕಲಿತದ್ದು ಹಿರಿಯರ ಬಾಯಿಂದಲೇ.