ರೋಸ್‌ಬಡ್ ತೊರೆಯ ವೀರವನಿತೆ

ಕೇಳುಗರಿಗೆ ನಮಸ್ಕಾರ.

1876ರ ಜೂನ್ 17. ಅಮೆರಿಕದ ಮೊಂಟಾನಾ ಸೀಮೆಯ ರೋಸ್‌ಬಡ್ ತೊರೆ. ಅಮೆರಿಕ ಸೈನ್ಯದ ಜನರಲ್ ಜಾರ್ಜ್ ಕ್ರೂಕ್ ಸಾವಿರಕ್ಕೂ ಮಿಕ್ಕಿದ ಪಡೆ ಕಟ್ಟಿಕೊಂಡು ಬಂದಿದ್ದಾನೆ. ಎದುರಿಗೆ ಆ ನಾಡಿನ ಮೂಲನಿವಾಸಿಗಳಾದ ಲಕೋಟಾ ಮತ್ತು ಶೈಯೆನ್ ಯೋಧರು. ಕಾಳಗದ ನಡುವೆ ಕಮ್ಸ್ ಇನ್ ಸೈಟ್ ಎಂಬ ಶೈಯೆನ್ ಯೋಧನ ಕುದುರೆ ಗುಂಡೇಟಿಗೆ ಉರುಳಿತು. ಬಟಾಬಯಲಲ್ಲಿ ಅವನೊಬ್ಬನೇ ಉಳಿದ. ಅಷ್ಟರಲ್ಲಿ ಒಂದು ಕುದುರೆ ಗುಂಡುಗಳ ನಡುವೆಯೇ ಅವನತ್ತ ನುಗ್ಗಿತು. ಅದರ ಮೇಲಿದ್ದವಳು ಅವನ ಒಡಹುಟ್ಟಿದವಳು, ಬಫಲೋ ಕಾಫ್ ರೋಡ್. ಅವನನ್ನು ಹಿಂದೆ ಹತ್ತಿಸಿಕೊಂಡು ಪಾರುಮಾಡಿಯೇಬಿಟ್ಟಳು!

ಸೈನ್ಯದ ದಾಖಲೆಗಳಲ್ಲಿ ಆ ಕದನಕ್ಕೆ ತೊರೆಯ ಹೆಸರಿದೆ. ಶೈಯೆನ್ನರಿಗೆ ಅದು 'ಹುಡುಗಿ ತನ್ನ ಸೋದರನನ್ನು ಉಳಿಸಿದ ಕಾಳಗ'. ಯಾವ ನಾಯಕನ ಹೆಸರನ್ನೂ ಇಡದೆ ಒಬ್ಬ ಹೆಣ್ಣುಮಗಳ ಸಾಹಸದಿಂದಲೇ ಅದನ್ನು ನೆನೆಯುವ ಜನ ಅವರು.

ಎಂಟೇ ದಿನಕ್ಕೆ ಲಿಟಲ್ ಬಿಗ್ ಹಾರ್ನ್ ಕದನ. ಅಮೆರಿಕ ಸೈನ್ಯದ ಹೆಸರಾಂತ ಅಧಿಕಾರಿ ಕಸ್ಟರ್ ಸತ್ತದ್ದು ಅಲ್ಲೇ. ಅಲ್ಲಿಯೂ ಅವಳು ಗಂಡ ಬ್ಲ್ಯಾಕ್ ಕಯೋಟಿಯ ಜೊತೆಗಿದ್ದಳು. ಆ ಕದನವನ್ನು ಕಣ್ಣಾರೆ ಕಂಡ ಕೇಟ್ ಬಿಗ್‌ಹೆಡ್ ಎಂಬಾಕೆ, ಅಲ್ಲಿದ್ದ ಹೆಂಗಸರ ಪೈಕಿ ಕೈಯಲ್ಲಿ ಪಿಸ್ತೂಲಿದ್ದವಳು ಇವಳೊಬ್ಬಳೇ ಎಂದು ಮುಂದೆ ಹೇಳಿದ್ದಾಳೆ. ಕಸ್ಟರನನ್ನು ಕುದುರೆಯಿಂದ ಕೆಡವಿದ ಪೆಟ್ಟೂ ಇವಳದೇ ಎಂದು ಉತ್ತರ ಶೈಯೆನ್ನರ ಕಥನಕಾರರು 2005ರಲ್ಲಿ ಬಹಿರಂಗವಾಗಿ ಹೇಳಿದರು. ಸೇಡು ತೀರಿಸಿಕೊಂಡಾರೆಂಬ ಭಯಕ್ಕೆ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಪೆಟ್ಟು ಯಾರದೇ ಇರಲಿ, ಒಂದು ಜನ ತನ್ನ ಹೆಮ್ಮೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟುಕೊಂಡು ಬದುಕಬೇಕಾಯಿತಲ್ಲ, ಅದು ನನ್ನನ್ನು ಕಾಡುತ್ತದೆ.

ಅವರಲ್ಲಿ ಕಾಳಗಕ್ಕಿಳಿದ ಹೆಣ್ಣು ಇವಳೊಬ್ಬಳೇ ಅಲ್ಲ. 1868ರಲ್ಲಿ, ಕೊಲೊರಾಡೊದ ಬೀಚರ್ ಐಲೆಂಡ್‌ನಲ್ಲಿ, ಎಹ್ಯೋಫ್‌ಸ್ತಾ ಎಂಬಾಕೆಯೂ ಹೋರಾಡಿದ್ದಳು.

ಆದರೆ ಬಫಲೋ ಕಾಫ್ ರೋಡ್‌ಳ ಧೈರ್ಯವನ್ನು ರಣರಂಗದಲ್ಲಷ್ಟೇ ಅಳೆಯಬಾರದು. 1877ರಲ್ಲಿ, ಶರಣಾದ ಉತ್ತರ ಶೈಯೆನ್ನರನ್ನು ದೂರದ ದಕ್ಷಿಣಕ್ಕೆ, ಇಂದಿನ ಒಕ್ಲಹೋಮಾಕ್ಕೆ ಸಾಗಿಸಿದರು. ಅಲ್ಲಿ ಹಸಿವು, ಮಲೇರಿಯಾ, ಸಾಲು ಸಾವು. 1878ರ ಸೆಪ್ಟೆಂಬರಿನಲ್ಲಿ ಸುಮಾರು 300 ಮಂದಿ ಹೇಳದೆ ಕೇಳದೆ ತಾಯ್ನೆಲದ ಕಡೆ ಹೊರಟರು. ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಬೆನ್ನ ಹಿಂದೆ ಸೈನ್ಯ. ಆ ಗುಂಪಿನಲ್ಲಿ ಇವಳೂ ಮಕ್ಕಳೊಂದಿಗೆ ಇದ್ದಳು. ನೂರಾರು ಮೈಲಿ ದಾಟಿ, ಚಳಿಗಾಲ ಕಳೆದು, ಮೊಂಟಾನಾ ಮುಟ್ಟಿದಳು. 1879ರಲ್ಲಿ ಗಂಡ ಸೆರೆಯಲ್ಲಿರುವಾಗಲೇ ಗಂಟಲುಮಾರಿ ಅವಳನ್ನು ಬಲಿ ತೆಗೆದುಕೊಂಡಿತು.

ಐದು ವರ್ಷಗಳ ನಂತರ, 1884ರಲ್ಲಿ, ಮೊಂಟಾನಾದ ಟಂಗ್ ನದಿಯ ಬಳಿ ಉತ್ತರ ಶೈಯೆನ್ನರಿಗೆಂದು ನೆಲ ಮೀಸಲಾಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲೇ ಬಾಳುತ್ತಿದ್ದಾರೆ.

ನಮಸ್ಕಾರ.