ಕಟ್ಟಿ ನಿಲ್ಲಿಸಿದ ವಿಮಾನದ ಎಳೆತ ಎಷ್ಟು?

ಕೇಳುಗರಿಗೆ ನಮಸ್ಕಾರ.

ಸ್ವಂತ ಕೈಯಿಂದ ಕಟ್ಟಿದ ಒಂದೆರಡು ಆಸನದ ಸಣ್ಣ ವಿಮಾನಕ್ಕೆ ಎಂಜಿನ್ ಕೂಡಿಸಿ, ಪ್ರೊಪೆಲ್ಲರ್ ಬಿಗಿದು, ಸ್ಟಾರ್ಟ್ ಮಾಡಿದ್ದಾಯಿತು. ಇನ್ನು ತಿಳಿಯಬೇಕಾದದ್ದು ಇದು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದು. ಎಂಜಿನ್ ತಯಾರಕರು ಅಶ್ವಶಕ್ತಿ ಎಷ್ಟೆಂದು ಹೇಳಿರುತ್ತಾರೆ. ಅದರಲ್ಲಿ ಎಷ್ಟು ಪಾಲು ಎಳೆತವಾಗಿ ಕೈಗೆ ಸಿಗುತ್ತದೆ ಎಂಬುದನ್ನು ನಾವೇ ಅಳೆದು ನೋಡಬೇಕು. ವಿಮಾನವನ್ನು ಹಿಂದಿನಿಂದ ಗಟ್ಟಿ ಆಧಾರಕ್ಕೆ ಪಟ್ಟಿಯಿಂದ ಕಟ್ಟುವುದು, ನಡುವೆ ತೂಕದ ಯಂತ್ರ ಸೇರಿಸುವುದು, ಥ್ರಾಟಲ್ ತೆರೆದು ಅಂಕಿ ಓದುವುದು. ವಿಧಾನ ಇಷ್ಟೇ. ಆದರೆ ತಿರುಗುವ ಪ್ರೊಪೆಲ್ಲರ್, ಬಿಗಿದು ನಿಂತ ಪಟ್ಟಿ ಮತ್ತು ಪೆಟ್ರೋಲ್ ಮೂರೂ ಒಂದೇ ಕಡೆ ಇರುವ ಕೆಲಸ ಇದು. ಈ ಪರೀಕ್ಷೆಯಲ್ಲಿ ಸುರಕ್ಷತೆಯೂ ನಿಖರತೆಯೂ ಬೇರೆ ಬೇರೆಯಲ್ಲ. ನೇರವಾಗಿ, ಬಿಗಿಯಾಗಿ, ಜಗ್ಗದೆ ನಿಲ್ಲುವ ಕಟ್ಟು ಜೀವವನ್ನೂ ಕಾಯುತ್ತದೆ, ಸರಿಯಾದ ಅಂಕಿಯನ್ನೂ ಕೊಡುತ್ತದೆ.

ಮೊದಲು ಕಾಗದದ ಮೇಲೆ ಒಂದು ಅಂದಾಜು ಮಾಡಿಕೊಳ್ಳಿ. ಎಂಜಿನ್ ಶಕ್ತಿಯನ್ನು ವಾಟ್‌ನಲ್ಲಿ ಬರೆದು ವರ್ಗ ಮಾಡಿ. ಅದನ್ನು ಗಾಳಿಯ ಸಾಂದ್ರತೆಯಿಂದ ಗುಣಿಸಿ, ಪ್ರೊಪೆಲ್ಲರ್ ಸುತ್ತುವ ವೃತ್ತದ ವಿಸ್ತೀರ್ಣದಿಂದ ಗುಣಿಸಿ, ಮತ್ತೆ 2ರಿಂದ ಗುಣಿಸಿ. ಬಂದದ್ದರ ಘನಮೂಲ ತೆಗೆದರೆ ಆದರ್ಶ ಎಳೆತ ನ್ಯೂಟನ್‌ನಲ್ಲಿ ಸಿಗುತ್ತದೆ, 9.81ರಿಂದ ಭಾಗಿಸಿದರೆ ಕಿಲೋ. 60 ಅಶ್ವಶಕ್ತಿಗೆ, ಅಂದರೆ ಸುಮಾರು 45,000 ವಾಟ್‌ಗೆ, 1.6 ಮೀಟರ್ ವ್ಯಾಸದ ಪ್ರೊಪೆಲ್ಲರ್ ಇದ್ದರೆ ಲೆಕ್ಕ 219 ಕಿಲೋ ಹತ್ತಿರ ಬರುತ್ತದೆ. ನಿಜವಾದ ಪ್ರೊಪೆಲ್ಲರ್ ಅದರ ಶೇಕಡಾ 65ರಿಂದ 75ರಷ್ಟು ಕೊಟ್ಟೀತು, ಎಂದರೆ 140ರಿಂದ 165 ಕಿಲೋ. ಅದೇ ಎಂಜಿನ್‌ಗೆ 1.35 ಮೀಟರ್ ಪ್ರೊಪೆಲ್ಲರ್ ಹಾಕಿದರೆ ಇದು 125ರಿಂದ 145ಕ್ಕೆ ಇಳಿಯುತ್ತದೆ. ಈ ಅಂದಾಜು ಇಲ್ಲದೆ ಪಟ್ಟಿಯ ಬಲವನ್ನೂ ತೂಕದ ಯಂತ್ರದ ಮಿತಿಯನ್ನೂ ಆರಿಸಲಾಗದು.

ತೂಕದ ಯಂತ್ರಕ್ಕೆ ಡಿಜಿಟಲ್ ಕ್ರೇನ್ ಸ್ಕೇಲ್ ಒಳ್ಳೆಯದು. ಅದರ ಮಿತಿ ಅಂದಾಜಿನ ಎರಡು ಪಟ್ಟಾದರೂ ಇರಲಿ: 150 ಕಿಲೋ ಎಳೆತಕ್ಕೆ 300 ಕಿಲೋ ಸ್ಕೇಲ್. ಅದು ಸರಿ ತೋರಿಸುತ್ತದೆಯೇ ಎಂದು ನೋಡಲು ನೀರಿನ ಕ್ಯಾನ್‌ಗಳು ಸಾಕು. 20 ಲೀಟರಿನ ಐದು ಕ್ಯಾನ್ ತೂಗಿಹಾಕಿದರೆ 100 ಕಿಲೋ, ಜೊತೆಗೆ ಖಾಲಿ ಕ್ಯಾನ್‌ಗಳ ತೂಕ. ಒಂದೊಂದಾಗಿ ಏರಿಸುತ್ತಾ, ಮತ್ತೆ ಇಳಿಸುತ್ತಾ ಬರೆದುಕೊಳ್ಳಿ. ಗರಿಷ್ಠ ಅಂಕಿ ಹಿಡಿದಿಡುವ ಸೌಲಭ್ಯ ಸ್ಕೇಲ್‌ನಲ್ಲಿದ್ದರೆ ಅದನ್ನು ಆಫ್ ಮಾಡಿಡಿ. ಒಂದು ಜಗ್ಗಿಗೆ ಏರಿದ ಅಂಕಿಯೇ ನಿಂತುಬಿಡುತ್ತದೆ, ಅದು ಎಳೆತವಲ್ಲ.

ಈಗ ಕಟ್ಟು. ನೈಲಾನ್ ಹಗ್ಗ ಬೇಡ. ಅದು ಬಹಳ ಹಿಗ್ಗುತ್ತದೆ. ಹಿಗ್ಗಿದಷ್ಟೂ ಒಳಗೆ ಶಕ್ತಿ ಕೂಡಿಟ್ಟುಕೊಂಡು, ಹರಿದರೆ ಚಾವಟಿಯಂತೆ ಹಿಂದಕ್ಕೆ ಬೀಸುತ್ತದೆ. ತುದಿಯಲ್ಲಿ ಕುಣಿಕೆ ಹೊಲಿದಿರುವ ಪಾಲಿಯೆಸ್ಟರ್ ಪಟ್ಟಿ ಬಳಸಿ. ಗಂಟು ಹಾಕಬೇಡಿ, ಗಂಟು ಬಿದ್ದಲ್ಲಿ ಬಲ ಅರ್ಧದವರೆಗೂ ಕುಸಿಯಬಹುದು. ಪಟ್ಟಿಯ ಹರಿಯುವ ಮಿತಿ ಎಳೆತದ ಐದು ಪಟ್ಟಾದರೂ ಇರಬೇಕು. ಬಾಯಿ ತೆರೆದ ಕೊಕ್ಕೆಗಳು ಸಡಿಲಾದಾಗ ಕಳಚಿಕೊಳ್ಳುತ್ತವೆ. ಅವುಗಳ ಬದಲು ಪಿನ್ ತಿರುಪುವ ಶ್ಯಾಕಲ್ (ಬಾಯಿಗೆ ಪಿನ್ ಬೀಳುವ U ಆಕಾರದ ಕೊಂಡಿ) ಹಾಕಿ, ಪಿನ್ನಿಗೆ ತಂತಿ ಸುತ್ತಿ ಭದ್ರಪಡಿಸಿ. ಸ್ಕೇಲಿನ ಎರಡು ಬದಿಗೂ ಚಾಚುವಂತೆ ಒಂದು ಕಾವಲು ಪಟ್ಟಿಯನ್ನು ಸಮಾಂತರವಾಗಿ ಕಟ್ಟಿ. ಸ್ಕೇಲಿನ ಕೊಕ್ಕೆ ಮುರಿದರೆ ಆಗ ಅದು ಹಿಡಿಯುತ್ತದೆ. ಅದರ ಸಡಿಲು 10 ಸೆಂಟಿಮೀಟರ್ ಮೀರದಿರಲಿ. ಸಡಿಲು ಹೆಚ್ಚಿದಷ್ಟೂ ವಿಮಾನ ವೇಗ ಪಡೆದು ಪಟ್ಟಿಯನ್ನು ಹೊಡೆದಂತೆ ಎಳೆಯುತ್ತದೆ.

ಆಧಾರ ಯಾವುದಿರಬೇಕು? ಕಾಂಕ್ರೀಟಿನಲ್ಲಿ ಹೂತ ಬಳೆ ಅತ್ಯುತ್ತಮ. ಭಾರದ ವಾಹನವೂ ಆಗುತ್ತದೆ, ಅದನ್ನು ಕಟ್ಟಿ ಎಳೆಯಲು ಇರುವ ಬಳೆಗೇ ಪಟ್ಟಿ ಹಾಕಿ, ನಾಲ್ಕೂ ಚಕ್ರಗಳಿಗೆ ಅಡ್ಡ ಕಟ್ಟೆ ಇಡಿ. ವಿಮಾನವನ್ನು ತರುವ ಮೊದಲೇ ಆಧಾರ, ಸ್ಕೇಲ್, ಪಟ್ಟಿ, ಶ್ಯಾಕಲ್ ಎಲ್ಲವನ್ನೂ ಜೋಡಿಸಿ ಕೈ ವಿಂಚ್‌ನಿಂದ ಅಂದಾಜಿನ ಒಂದೂವರೆಯಷ್ಟಕ್ಕೆ, ಅಂದರೆ 225 ಕಿಲೋಗೆ, ಎಳೆದು ಐದು ನಿಮಿಷ ಬಿಡಿ. ಜಾರುವುದಿದ್ದರೆ, ಬಾಗುವುದಿದ್ದರೆ, ಎಂಜಿನ್ ಮೌನವಾಗಿರುವಾಗಲೇ ಗೊತ್ತಾಗಲಿ. ಇದೊಂದನ್ನು ದಯವಿಟ್ಟು ಬಿಡಬೇಡಿ.

ವಿಮಾನದ ಯಾವ ಭಾಗಕ್ಕೆ ಕಟ್ಟಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಬಾಲದಲ್ಲಿರುವ ಬಳೆ ಗಾಳಿಗೆ ವಿಮಾನ ಏಳದಂತೆ ನೆಲಕ್ಕೆ ಕಟ್ಟಲು ಇರುವಂಥದ್ದು. ಹಿಂದಕ್ಕೆ ಎಳೆಯುವ ಬಲವನ್ನು ಅದು ತಡೆಯುತ್ತದೆಂದು ವಿನ್ಯಾಸಕಾರರು ಹೇಳಿಲ್ಲದಿದ್ದರೆ ಬಳಸಬೇಡಿ. ಬಾಲದ ಗಾಲಿಯ ಸ್ಪ್ರಿಂಗ್‌ಗಂತೂ ಕಟ್ಟಲೇಬೇಡಿ. ಎರಡು ಮುಖ್ಯ ಗಾಲಿಗಳ ಕಾಲುಗಳಿಗೆ ಸಮ ಉದ್ದದ ಎರಡು ಪಟ್ಟಿ ಹಾಕಿ, ಬಾಲದ ಹಿಂದೆ ಒಂದೇ ಬಿಂದುವಿನಲ್ಲಿ ಸೇರಿಸಿ, ಅಲ್ಲಿಂದ ಸ್ಕೇಲ್‌ಗೆ ಒಂದೇ ಪಟ್ಟಿ ಹೋಗಲಿ. ಕಾಲಿಗೆ ಸುತ್ತುವಾಗ ಬ್ರೇಕಿನ ಕೊಳವೆ ಪಟ್ಟಿಯಡಿ ಸಿಕ್ಕಿಲ್ಲವೆಂದು ಕೈಯಿಂದ ಮುಟ್ಟಿ ನೋಡಿ. ಪಟ್ಟಿ ನೆಲಕ್ಕೆ ಸಮಾನಾಂತರವಾಗಿರಲಿ. 5 ಮೀಟರ್ ದೂರಕ್ಕೆ ಅರ್ಧ ಮೀಟರ್ ಇಳಿಜಾರಾದರೆ ತಪ್ಪು ಶೇಕಡಾ ಅರ್ಧ ಮಾತ್ರ. ಅದೇ ಇಳಿಜಾರು 2 ಮೀಟರ್ ದೂರದಲ್ಲಾದರೆ ಶೇಕಡಾ 3. ಆದ್ದರಿಂದ ಪಟ್ಟಿ ಉದ್ದವಿದ್ದಷ್ಟೂ ಒಳ್ಳೆಯದು.

ಇನ್ನು ಮೂಗು ನೆಲಕ್ಕೆ ಬಡಿಯುವ ಅಪಾಯ. ಬಾಲದ ಗಾಲಿಯ ವಿಮಾನ ಒಂದನ್ನು ತೆಗೆದುಕೊಳ್ಳಿ. ಬಾಲದ ಗಾಲಿಯ ಮೇಲೆ 25 ಕಿಲೋ ಭಾರ, ಮುಖ್ಯ ಗಾಲಿಯಿಂದ ಅದು 4 ಮೀಟರ್ ಹಿಂದೆ. ಬಾಲವನ್ನು ಕೆಳಗೆ ಹಿಡಿದಿಡುವ ತಿರುಚುಬಲ, ಕಿಲೋವನ್ನು ಮೀಟರ್‌ನಿಂದ ಗುಣಿಸಿದರೆ, 100. ಪ್ರೊಪೆಲ್ಲರ್ ನೆಲದಿಂದ 0.9 ಮೀಟರ್ ಎತ್ತರದಲ್ಲಿ 150 ಕಿಲೋ ಎಳೆದರೆ ಮೂಗನ್ನು ಕೆಳಗೆ ತಳ್ಳುವ ತಿರುಚುಬಲ 135. ಬರೀ ಬ್ರೇಕ್ ಒತ್ತಿ ಇಷ್ಟು ಎಳೆಸಿದರೆ ಬಾಲ ಏಳುತ್ತದೆ, ಪ್ರೊಪೆಲ್ಲರ್ ನೆಲ ತಿನ್ನುತ್ತದೆ. ಪಟ್ಟಿಯನ್ನು 0.3 ಮೀಟರ್ ಎತ್ತರಕ್ಕೆ ಕಟ್ಟಿದರೆ 135 ಇಳಿದು 90 ಆಗುತ್ತದೆ. ಉಳಿಯುವುದು 10, ಅಂದರೆ ಬಾಲದ ಮೇಲೆ ಬರೀ ಎರಡೂವರೆ ಕಿಲೋ. ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದು ಹಿಡಿದರೆ ಪ್ರೊಪೆಲ್ಲರಿನ ಗಾಳಿ ಬಾಲದ ಎಲಿವೇಟರ್ (ಮೇಲೆ ಕೆಳಗೆ ಆಡುವ ಅಡ್ಡ ಹಲಗೆ) ಮೇಲೆ ಬಿದ್ದು ಬಾಲವನ್ನು ಒತ್ತುತ್ತದೆ ನಿಜ, ಆದರೂ ಅದನ್ನೇ ನಂಬಬೇಡಿ. ಬಾಲವನ್ನು ನೆಟ್ಟಗೆ ಕೆಳಗೆ, ನೆಲದ ಬಳೆಗೆ ಬೇರೆ ಪಟ್ಟಿಯಿಂದ ಕಟ್ಟಿ. ಬಾಲದ ಬಳೆ ಇರುವುದೇ ಇದಕ್ಕೆ. ಆ ಪಟ್ಟಿ ಓರೆಯಾದರೆ ಎಳೆತದ ಒಂದಷ್ಟು ಪಾಲನ್ನು ಕದಿಯುತ್ತದೆ, ಹಾಗಾಗಿ ನೇರ ಲಂಬವಾಗಿ ತುಸು ಸಡಿಲಿರಲಿ. ಮೂಗಿನ ಗಾಲಿಯ ವಿಮಾನದಲ್ಲಿ ಇದೇ ತಿರುಚುಬಲ ಮುಂದಿನ ಗಾಲಿಯ ಕಾಲಿಗೆ ಹೋಗುತ್ತದೆ, ಅದು ತಡೆದೀತೇ ಎಂದು ಮೊದಲೇ ಲೆಕ್ಕ ಹಾಕಿ.

ನೆಲ ಗಟ್ಟಿಯಾಗಿ, ಮಟ್ಟವಾಗಿ, ಗುಡಿಸಿ ಚೊಕ್ಕವಾಗಿರಬೇಕು. ಪ್ರೊಪೆಲ್ಲರ್ ಸಣ್ಣ ಕಲ್ಲನ್ನು ನೆಲದಿಂದ ಹೀರಿಕೊಂಡು ಅಲಗಿನ ಅಂಚನ್ನೇ ಚಿಪ್ಪೆಬ್ಬಿಸುತ್ತದೆ. ಒಂದೇ ಒಂದು ಡಿಗ್ರಿ ಇಳಿಜಾರು ಇದ್ದರೆ 300 ಕಿಲೋ ವಿಮಾನ ಸ್ಕೇಲ್‌ಗೆ 5 ಕಿಲೋ ಸುಳ್ಳು ಸೇರಿಸುತ್ತದೆ. ಬೆಳಗಿನ ಜಾವ ಗಾಳಿ ಅಲುಗದ ಹೊತ್ತು ಪ್ರಶಸ್ತ. ಎದುರುಗಾಳಿ ಎಳೆತವನ್ನು ಕಡಿಮೆ ತೋರಿಸುತ್ತದೆ. ಹಿಂಗಾಳಿಯಲ್ಲಿ ಪ್ರೊಪೆಲ್ಲರ್ ತಾನು ಹಿಂದೆ ತಳ್ಳಿದ ಗಾಳಿಯನ್ನೇ ಮತ್ತೆ ನುಂಗಿ ಅಂಕಿ ತೂಗಾಡುತ್ತದೆ. ಗೋಡೆ, ಶೆಡ್ಡು ಹತ್ತಿರವಿದ್ದರೂ ಇದೇ ತೊಂದರೆ.

ಜನ ಎಲ್ಲಿ ನಿಲ್ಲಬೇಕು? ಪ್ರೊಪೆಲ್ಲರ್ ಸುತ್ತುವ ಸಮತಲದಲ್ಲಿ, ಎಡಕ್ಕಾಗಲಿ ಬಲಕ್ಕಾಗಲಿ, ಯಾರೂ ಇರಕೂಡದು. ಅಲಗು ಮುರಿದರೆ ಹಾರುವುದು ಆ ದಿಕ್ಕಿಗೇ. ಮುಂದೆಯೂ ಯಾರೂ ಬೇಡ. ಬಿಗಿದ ಪಟ್ಟಿಯ ನೇರದಲ್ಲಿಯೂ ಬೇಡ, ಪಟ್ಟಿ ದಾಟಿ ಓಡಾಡುವುದಂತೂ ಸಲ್ಲ. ಪಟ್ಟಿಯ ನಡುವೆ ಮರಳಿನ ಚೀಲವೊಂದನ್ನು ಹೇರಿದರೆ ಹರಿದರೂ ಹಾರದು, ಆದರೆ ಚೀಲದ ಭಾರಕ್ಕೆ ಪಟ್ಟಿ ತಗ್ಗಿದೆಯೇ ನೋಡಿ. ಸ್ಕೇಲ್ ಓದಲು ಹತ್ತಿರ ಹೋಗುವ ಅಗತ್ಯವಿಲ್ಲ. ನಿಸ್ತಂತು ಪರದೆ ಇದ್ದರೆ ಸರಿ, ಇಲ್ಲದಿದ್ದರೆ ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ವೀಡಿಯೊ ಮಾಡಿಕೊಳ್ಳಿ. ಅಗ್ನಿಶಾಮಕ ಹಿಡಿದವರು ರೆಕ್ಕೆಯ ತುದಿಯಿಂದಾಚೆ, ಹಿಂಬದಿಯಲ್ಲಿ. ಕಾಕ್‌ಪಿಟ್‌ನಲ್ಲಿ ಕೂರುವವರು ಬೆಲ್ಟ್ ಕಟ್ಟಿ, ಒಂದು ಕೈ ಥ್ರಾಟಲ್ ಮೇಲಿಟ್ಟು, ಇಗ್ನಿಷನ್ ಸ್ವಿಚ್ ಎಲ್ಲಿದೆಯೆಂದು ನೋಡದೆಯೇ ಮುಟ್ಟುವಂತಿರಬೇಕು. ಅವರ ಕೆಲಸ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮತ್ತು ತಾಪಮಾನ ನೋಡುವುದು, ಸ್ಕೇಲ್ ನೋಡುವುದಲ್ಲ. ನಿಲ್ಲಿಸುವ ಕೈಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು, ಕೊಟ್ಟೊಡನೆ ಥ್ರಾಟಲ್ ಮುಚ್ಚಬೇಕು, ಕಾರಣ ಆಮೇಲೆ ಕೇಳಬೇಕು.

ಸ್ಟಾರ್ಟ್ ಮಾಡುವ ಮೊದಲು ವಿಮಾನವನ್ನು ಕೈಯಿಂದ ಮುಂದಕ್ಕೆ ಎಳೆದು ಪಟ್ಟಿಯ ಸಡಿಲು ತೆಗೆಯಿರಿ. ಸ್ಕೇಲ್ 5 ಕಿಲೋ ತೋರಿಸುವಾಗ ಗಾಲಿಗಳ ಹಿಂದೆ, ತುಸುವೇ ಅಂತರ ಬಿಟ್ಟು, ಅಡ್ಡ ಕಟ್ಟೆ ಇಡಿ. ಗಾಲಿಯ ಮುಂದೆಯೂ ಕಟ್ಟೆ ಬೇಕು, ಆದರೆ 20 ಸೆಂಟಿಮೀಟರ್ ಅಂತರ ಬಿಟ್ಟು. ಅದು ಗಾಲಿಗೆ ತಾಗಿದರೆ ಎಳೆತವನ್ನು ಕಟ್ಟೆಯೇ ಹೊತ್ತು ಸ್ಕೇಲ್ ಬಡವಾಗುತ್ತದೆ. ಎಂಜಿನ್ ಬಿಸಿಯಾಗಲಿ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ 50 ಡಿಗ್ರಿ ಮುಟ್ಟುವವರೆಗೆ ಜೋರು ಮಾಡಬೇಡಿ. ಆಮೇಲೆ ಬ್ರೇಕ್ ಬಿಟ್ಟು, 500 ಆರ್‌ಪಿಎಂ ಮೆಟ್ಟಿಲಿನಲ್ಲಿ ಏರಿಸಿ, ಪ್ರತಿ ಮೆಟ್ಟಿಲಲ್ಲಿ ಐದು ಸೆಕೆಂಡ್ ನಿಲ್ಲಿಸಿ. ಪೂರ್ಣ ಥ್ರಾಟಲ್ 10 ಸೆಕೆಂಡ್ ಸಾಕು. ನಿಂತ ವಿಮಾನದಲ್ಲಿ ಸಿಲಿಂಡರ್ ತಣಿಸುವ ಗಾಳಿ ಸಾಲದು. ಹೆಡ್ ತಾಪಮಾನ ಮಿತಿಯತ್ತ ಓಡುವುದು ಕಂಡರೆ ಅಲ್ಲಿಗೇ ಬಿಡಿ. ಸ್ಕೇಲ್ ಅಂಕಿ ಮೇಲೆ ಕೆಳಗೆ ಆಡುತ್ತದೆ, ವಿಮಾನವೂ ಪಟ್ಟಿಯೂ ಸೇರಿ ಸ್ಪ್ರಿಂಗ್‌ಗೆ ತೂಗಿದ ಭಾರದಂತೆ ಆಗಿರುವುದರಿಂದ. ನಡುವಿನ ಅಂಕಿ ಬರೆದುಕೊಳ್ಳಿ.

ಏರಿಸಿದಂತೆ ಇಳಿಸುವಾಗಲೂ ಅದೇ ಮೆಟ್ಟಿಲುಗಳಲ್ಲಿ ಓದಬೇಕು. ಇಳಿಸುವಾಗ ಹಿಂದಿನ ಕಟ್ಟೆಗೆ ಗಾಲಿ ತಾಗಬಾರದು, ಅದಕ್ಕೂ ಒಂದಿಷ್ಟು ಅಂತರವಿರಲಿ. ಥ್ರಾಟಲ್ ಏರುವಾಗ ವಿಮಾನ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ, ಗಾಲಿಯ ಘರ್ಷಣೆ ಅದನ್ನು ತಡೆದು ಸ್ಕೇಲ್ ಕಡಿಮೆ ತೋರಿಸುತ್ತದೆ. ಇಳಿಯುವಾಗ ಪಟ್ಟಿ ಹಿಂದಕ್ಕೆ ಎಳೆದು ಅದೇ ಘರ್ಷಣೆ ಸ್ಕೇಲ್‌ಗೆ ಸೇರುತ್ತದೆ. ಒಂದೇ ಆರ್‌ಪಿಎಂನಲ್ಲಿ ಏರುವಾಗ 146, ಇಳಿಯುವಾಗ 154 ಬಂದರೆ ಎಳೆತ 150, ಘರ್ಷಣೆ 4. ಕಾಂಕ್ರೀಟ್ ಮೇಲೆ 300 ಕಿಲೋ ವಿಮಾನಕ್ಕೆ ಇದು ಸಹಜ. ಹುಲ್ಲಿನ ಮೇಲೆ 15ರಿಂದ 30 ಕಿಲೋ ಆಗುತ್ತದೆ, ಅಲ್ಲಿ ಅಳೆದದ್ದಕ್ಕೆ ಬೆಲೆ ಕಡಿಮೆ.

ಕೊನೆಗೆ ಗಾಳಿಯ ಲೆಕ್ಕ. ಎಳೆತ ಸಾಂದ್ರತೆಯೊಂದಿಗೆ ನೇರವಾಗಿ ಏರಿಳಿಯುತ್ತದೆ. ಸ್ಥಳದ ಒತ್ತಡವನ್ನು 1013ರಿಂದ ಭಾಗಿಸಿ, 288ರಿಂದ ಗುಣಿಸಿ, ಸೆಲ್ಸಿಯಸ್ ತಾಪಮಾನಕ್ಕೆ 273 ಕೂಡಿಸಿ ಬಂದದ್ದರಿಂದ ಭಾಗಿಸಿ. 950 ಹೆಕ್ಟೋಪ್ಯಾಸ್ಕಲ್, 32 ಡಿಗ್ರಿ ಇದ್ದರೆ 0.885. ಅಂದು 133 ಕಿಲೋ ಅಳೆದಿದ್ದರೆ ಸಮುದ್ರಮಟ್ಟದ 15 ಡಿಗ್ರಿಯಲ್ಲಿ ಅದು 150. ಹವಾಮಾನ ವರದಿಯ ಒತ್ತಡ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಅದನ್ನು ಹಾಕಿದರೆ ಲೆಕ್ಕ ಕೆಡುತ್ತದೆ. ಪ್ರೊಪೆಲ್ಲರ್‌ಗಳನ್ನು ಹೋಲಿಸಲು ತಿದ್ದಿದ ಅಂಕಿ ಬಳಸಿ, ಅಂದು ಹಾರಬಹುದೇ ಎಂಬುದಕ್ಕೆ ಸ್ಕೇಲ್ ತೋರಿಸಿದ 133 ಮಾತ್ರ ನೋಡಿ. ಅಂದಾಜಿಗಿಂತ ಬಹಳ ಕಡಿಮೆ ಬಂದರೆ ಮೊದಲು ಆರ್‌ಪಿಎಂ ನೋಡಿ. ಎಳೆತ ಆರ್‌ಪಿಎಂನ ವರ್ಗಕ್ಕೆ ಅನುಗುಣ, 2500ರ ಬದಲು 2400 ಇದ್ದರೆ ಶೇಕಡಾ 8 ಹೋಯಿತು. ಎಂಜಿನ್ ಸೊರಗಿರಬಹುದು, ಪ್ರೊಪೆಲ್ಲರಿನ ಪಿಚ್, ಅಂದರೆ ಅಲಗಿನ ಓರೆ, ಹೆಚ್ಚಿರಬಹುದು. ಹಾಗೆಂದು ಪಿಚ್ ತೀರ ಇಳಿಸಿ ನಿಂತಲ್ಲಿ ದೊಡ್ಡ ಅಂಕಿ ಪಡೆಯುವ ಆಸೆ ಬೇಡ, ಹಾರಾಟದಲ್ಲಿ ವೇಗ ಹೆಚ್ಚಿದಾಗ ಎಂಜಿನ್ ಮಿತಿ ಮೀರಿ ತಿರುಗುತ್ತದೆ.

ಎಂಜಿನ್ ನಿಂತು, ಸ್ವಿಚ್ ಆಫ್ ಆಗಿ, ಎಲ್ಲ ತಣ್ಣಗಾದ ಮೇಲೆ ಪ್ರೊಪೆಲ್ಲರ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೆ ಪರೀಕ್ಷಿಸಿ. ಮರದ ಪ್ರೊಪೆಲ್ಲರ್ ಮೊದಲ ಓಟದಲ್ಲಿ ಕುಸಿದು ಬೋಲ್ಟ್ ಸಡಿಲಾಗುವುದು ಸಾಮಾನ್ಯ. ಅಲಗಿನ ತುದಿಗಳು ಒಂದೇ ಜಾಡಿನಲ್ಲಿ ಬರುತ್ತವೆಯೇ ನೋಡಿ, ಮರದ್ದಕ್ಕೆ 3 ಮಿಲಿಮೀಟರ್ ಒಳಗಿರಬೇಕು. ಗಾಲಿಯ ಕಾಲುಗಳಲ್ಲಿ ಪಟ್ಟಿ ಕೂತ ಜಾಗ, ಎಂಜಿನ್ ಮೌಂಟಿನ ವೆಲ್ಡಿಂಗ್, ಇಂಧನ ಕೊಳವೆಯ ಜೋಡಣೆ, ಇಷ್ಟನ್ನೂ ಟಾರ್ಚ್ ಹಿಡಿದು ನೋಡಿದ ನಂತರವೇ ಎರಡನೇ ಓಟಕ್ಕೆ ಕೈಹಾಕಿ.