ಖಾಲಿ ಹೊಟ್ಟೆಯ ಮಾತ್ರೆ

ಕೇಳುಗರಿಗೆಲ್ಲ ನಮಸ್ಕಾರ.

ಔಷಧಿ ಅಂಗಡಿಯಲ್ಲಿ ದಿನಾ ಕೇಳಿಬರುವ ಮಾತು ಒಂದಿದೆ. "ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ ಸಾರ್." ಹೀಗೆ ಕೇಳುವವರಲ್ಲಿ ಒಬ್ಬರಿಗೆ ಎದೆ ಉರಿ, ಇನ್ನೊಬ್ಬರಿಗೆ ಹೊಟ್ಟೆ ಉಬ್ಬರ, ಮತ್ತೊಬ್ಬರಿಗೆ ಹುಳಿ ತೇಗು. ಎಲ್ಲದಕ್ಕೂ ಮದ್ದು ಒಂದೇ ಇರೋಕೆ ಸಾಧ್ಯನಾ?

ವೈದ್ಯರು ಇವನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಜಠರದ ಆಸಿಡ್ ಮೇಲೆ ಅನ್ನನಾಳಕ್ಕೆ ನುಗ್ಗಿದರೆ ಅದು ರಿಫ್ಲಕ್ಸ್. ಚೀಟಿಯಲ್ಲಿ ಜಿ.ಇ.ಆರ್.ಡಿ. ಅಂತ ಬರೆದಿರುತ್ತಾರೆ. ಜಠರದ ಒಳಪದರಕ್ಕೆ ಉರಿಯೂತವಾದರೆ ಗ್ಯಾಸ್ಟ್ರೈಟಿಸ್. ಅಲ್ಲೇ ಹುಣ್ಣಾದರೆ ಅಲ್ಸರ್. ಉಂಡದ್ದು ಕರಗದೆ ಹೊಟ್ಟೆ ಭಾರ ಅನ್ನುತ್ತೇವಲ್ಲ, ಅದು ಡಿಸ್ಪೆಪ್ಸಿಯಾ.

ಇನ್ನು ಮದ್ದು. ಗುಲಾಬಿ ಬಣ್ಣದ ಸಿರಪ್ ಎಲ್ಲರಿಗೂ ಗೊತ್ತು. ಅದು ಆಂಟಾಸಿಡ್. ಈಗಾಗಲೇ ಹೊಟ್ಟೆಯಲ್ಲಿರುವ ಆಸಿಡ್‌ನ ಖಾರ ಮುರಿಯುತ್ತದೆ, ಅಷ್ಟೇ. ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ, ಆದರೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡೂ ಇರುತ್ತವೆ. ಮೊದಲನೆಯದು ಭೇದಿ ಮಾಡಿಸುತ್ತದೆ, ಎರಡನೆಯದು ಮಲ ಕಟ್ಟಿಸುತ್ತದೆ. ಒಂದರ ತೊಂದರೆಯನ್ನು ಇನ್ನೊಂದು ಸರಿದೂಗಿಸಲಿ ಅಂತ ಜೊತೆಗೆ ಸೇರಿಸಿದ್ದಾರೆ. ಜಾಣತನ ಅಲ್ವಾ?

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್: ಹೆಸರಿನ ಕೊನೆಗೆ 'ಪ್ರಜೋಲ್' ಬಂದರೆ ಅದು ಸಾಮಾನ್ಯವಾಗಿ ಪಿ.ಪಿ.ಐ., ಅಂದರೆ ಪ್ರೋಟಾನ್ ಪಂಪ್ ಇನ್ಹಿಬಿಟರ್ ಗುಂಪಿನ ಮಾತ್ರೆ. ಆಸಿಡ್ ಸುರಿಸುವ ಪಂಪುಗಳು ಜಠರದ ಗೋಡೆಯಲ್ಲಿವೆ. ಈ ಮಾತ್ರೆ ಅವನ್ನೇ ಮುಚ್ಚುತ್ತದೆ. ಆದರೆ ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ ಅದು ಹಿಡಿಯಬಲ್ಲದು. ಪಂಪು ಎಚ್ಚರಾಗುವುದು ಊಟ ಮಾಡಿದಾಗ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿ ಅನ್ನುವುದು. ರಾತ್ರಿ ಬಿರಿಯಾನಿ ಉಂಡು ಉರಿ ಶುರುವಾದ ಮೇಲೆ ನುಂಗಿ, "ಏನೂ ಉಪಯೋಗ ಆಗ್ಲಿಲ್ಲ" ಅಂದರೆ ತಪ್ಪು ಮಾತ್ರೆಯದ್ದಲ್ಲ.

ಅದೇ ಹೆಸರಿನ ಪಕ್ಕ 'ಡಿ' ಅಂತ ಕಂಡರೆ ಸಾಮಾನ್ಯವಾಗಿ ಡೊಂಪೆರಿಡೋನ್ ಸೇರಿದೆ ಅಂತ ಅರ್ಥ. ಅದು ವಾಂತಿ ತಡೆಯುವ, ಆಹಾರವನ್ನು ಕೆಳಗೆ ದೂಡುವ ಮದ್ದು. ಕೆಲವರಲ್ಲಿ ಎದೆ ಬಡಿತದ ಲಯ ಕೆಡಿಸಬಹುದು. ಹೃದ್ರೋಗ ಇರುವವರು, ವಯಸ್ಸಾದವರು ಇದನ್ನು ಅಂಗಡಿಯಲ್ಲಿ ಸುಮ್ನೆ ಕೇಳಿ ತರಬಾರದು. ಪಿ.ಪಿ.ಐ.ಯನ್ನೂ ವರ್ಷಗಟ್ಟಲೆ ನುಂಗುತ್ತಾ ಹೋದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಥಟ್ಟನೆ ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ಬರುವುದೂ ಉಂಟು. ಶುರು ಮಾಡುವಾಗಲೇ "ಎಷ್ಟು ದಿನ?" ಅಂತ ಡಾಕ್ಟರನ್ನು ಕೇಳಿಬಿಡಿ.

ಖಾರ ತಿಂದು, ಚಿಂತೆ ಮಾಡಿ ಅಲ್ಸರ್ ಬರುತ್ತದೆ ಅಂತ ವೈದ್ಯರೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಒಪ್ಪಲಿಲ್ಲ, ಕಾರಣ ಒಂದು ಬ್ಯಾಕ್ಟೀರಿಯಾ ಅಂದರು. 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು, ಗ್ಯಾಸ್ಟ್ರೈಟಿಸ್ ಬರಿಸಿಕೊಂಡು ತೋರಿಸಿದರು. ಎಂಥ ಧೈರ್ಯ! 2005ರಲ್ಲಿ ಸಂಶೋಧನೆಯ ಜೊತೆಗಾರ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು. ಈ ಸೋಂಕು ಪತ್ತೆಯಾದರೆ ಪಿ.ಪಿ.ಐ. ಜೊತೆ ಆಂಟಿಬಯಾಟಿಕ್ ಕೊಡುತ್ತಾರೆ, ಹೆಚ್ಚಾಗಿ 14 ದಿನ. ನಾಲ್ಕನೇ ದಿನಕ್ಕೆ ಆರಾಮಾಯ್ತು ಅಂತ ನಿಲ್ಲಿಸುವ ಹಾಗಿಲ್ಲ.

ಅಲ್ಸರ್‌ಗೆ ಇನ್ನೊಂದು ದೊಡ್ಡ ಕಾರಣ ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ.

ಎದೆಯ ನಡುವೆ ಹಿಂಡಿದ ಹಾಗೆ ನೋವು, ಜೊತೆಗೆ ತಣ್ಣನೆ ಬೆವರು, ನೋವು ತೋಳಿಗೋ ದವಡೆಗೋ ಹರಿಯುವುದು, ಇವಿದ್ದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಮೊದಲು ಇ.ಸಿ.ಜಿ. ಆಗಲಿ.

ನಮಸ್ಕಾರ.